ಕುರ್ಟ್ ಟ್ಯಾಂಕ್: ಎಂಜಿನ್‌ಗಾಗಿ ಕಾದ ವಿಮಾನಶಿಲ್ಪಿ

ಬೆಂಗಳೂರಿನ ಎಚ್‌ಎಎಲ್ ಆಸುಪಾಸಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಮಂದಿ ಓಡಾಡುತ್ತಾರೆ. ಆ ಹೆಸರಿನ ಹಿಂದೆ ಮರುತ ಎಂಬ ಯುದ್ಧವಿಮಾನವಿದೆ. ಅದನ್ನು ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್.

ಟ್ಯಾಂಕ್ ಜನಿಸಿದ್ದು 1898ರಲ್ಲಿ, ಈಗ ಪೋಲೆಂಡಿಗೆ ಸೇರಿರುವ ಬ್ರೊಂಬೆರ್ಗ್ ಪಟ್ಟಣದಲ್ಲಿ. 1931ರಲ್ಲಿ ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಂಪನಿಗೆ ಸೇರಿದರು. ತಾವು ವಿನ್ಯಾಸಗೊಳಿಸಿದ ವಿಮಾನವನ್ನು ತಾವೇ ಹಾರಿಸಿ ಪರೀಕ್ಷಿಸುವುದು ಅವರ ರೂಢಿ. ಅವರಿಗೆ ಕೀರ್ತಿ ತಂದ ಎಫ್‌ಡಬ್ಲ್ಯು-190 ವಿಮಾನ ಮೊದಲು ಹಾರಿದ್ದು 1939ರಲ್ಲಿ. ಎರಡೇ ವರ್ಷಗಳಲ್ಲಿ ಅದು ಯುದ್ಧರಂಗದಲ್ಲಿತ್ತು. ಅದರ ಮೊದಲ ಎಂಜಿನ್ ಅತಿಯಾಗಿ ಕಾಯುತ್ತಿತ್ತು. ಆದರೆ ಅದನ್ನು ಒದಗಿಸಿದ್ದ ಬಿಎಂಡಬ್ಲ್ಯು ಕಂಪನಿಯೇ ಇನ್ನೊಂದು ಎಂಜಿನ್ ಕೊಟ್ಟಿತು. ಹಿಟ್ಲರನ ಯುದ್ಧಕ್ಕೆ ದುಡಿದ ಕೈ ಅದು ಎಂಬುದನ್ನು ಮರೆಯಲಾಗದು. ಆ ಕೈಗೆ ಇಡೀ ದೇಶದ ಕೈಗಾರಿಕೆಯ ಆಸರೆಯಿತ್ತೆಂಬುದೂ ಅಷ್ಟೇ ನಿಜ.

ಜರ್ಮನಿ ಸೋತ ಬಳಿಕ ಅವರು ಅರ್ಜೆಂಟೀನಾಕ್ಕೆ ತೆರಳಿ, ಅಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನ ನಿರ್ಮಿಸಿದರು. 1955ರಲ್ಲಿ ಅಧ್ಯಕ್ಷ ಪೆರೋನ್ ಪದಚ್ಯುತರಾದಾಗ ಆ ಆಶ್ರಯವೂ ತಪ್ಪಿತು. ಮರುವರ್ಷ ಭಾರತ ಸರ್ಕಾರದ ಕರೆಯ ಮೇರೆಗೆ ಬೆಂಗಳೂರಿಗೆ ಬಂದರು.

ಶಬ್ದದ ಎರಡು ಪಟ್ಟು ವೇಗದ ಯುದ್ಧವಿಮಾನ ಬೇಕೆಂಬುದು ವಾಯುಪಡೆಯ ಬೇಡಿಕೆ. ಎಚ್‌ಎಎಲ್‌ಗಾದರೋ ಇದ್ದ ಮುಖ್ಯ ವಿನ್ಯಾಸಾನುಭವ ವಿ. ಎಂ. ಘಾಟಗೆ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದ್ದು; ಅದು ಪ್ರೊಪೆಲ್ಲರ್ ವಿಮಾನ. ಟ್ಯಾಂಕ್ ತಂಡ ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿ, 1959ರಲ್ಲಿ ಅದನ್ನು ಬೇರೊಂದು ವಿಮಾನದಿಂದ ಎಳೆಸಿ ಹಾರಿಸಿ ಪರೀಕ್ಷಿಸಿತು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಮರುತವನ್ನು ಪ್ರಥಮ ಬಾರಿಗೆ ಬಾನಿಗೇರಿಸಿದರು. ಐದು ವರ್ಷಗಳಲ್ಲಿ ಇಷ್ಟಾದದ್ದನ್ನು ವಿಳಂಬವೆನ್ನುವುದು ಅನ್ಯಾಯ.

ವಿಳಂಬದ ಬೀಜವಿದ್ದದ್ದು ವಿಮಾನದ ಹೊಟ್ಟೆಯಲ್ಲಿ. ಟ್ಯಾಂಕ್ ನಂಬಿದ್ದು ಬ್ರಿಟನ್ನಿನ ಆರ್ಫಿಯಸ್-12 ಎಂಜಿನ್ನನ್ನು. ಆಫ್ಟರ್‌ಬರ್ನರ್ ಸೇರಿ ಅದರ ನೂಕುಬಲ 8 ಸಾವಿರ ಪೌಂಡ್ ಮೀರುತ್ತಿತ್ತು. ಬ್ರಿಟನ್ ಅದನ್ನು ಕೈಬಿಟ್ಟಿತು. ಅಭಿವೃದ್ಧಿಯ ವೆಚ್ಚ ಹೊರಲು ದೆಹಲಿ ಒಪ್ಪಲಿಲ್ಲ. ಸೋವಿಯತ್ ಎಂಜಿನ್, ಈಜಿಪ್ಟಿನ ಎಂಜಿನ್ ಎಂದು ಹುಡುಕಾಟ ನಡೆಯಿತು, ಯಾವುದೂ ಕೂಡಿಬರಲಿಲ್ಲ. ಕೊನೆಗೆ 4,850 ಪೌಂಡ್‌ಗಳ ಆರ್ಫಿಯಸ್ ಎಂಜಿನ್ ಎರಡನ್ನು ಜೋಡಿಸಲಾಯಿತು. ಎರಡು ಪಟ್ಟು ವೇಗಕ್ಕೆಂದು ಹುಟ್ಟಿದ ವಿಮಾನ ಶಬ್ದದ ವೇಗವನ್ನು ಮುಟ್ಟಲೇ ಏದುಸಿರು ಬಿಟ್ಟಿತು. ಬ್ರೆಮೆನ್‌ನಲ್ಲಿ ದೊರೆತ ಇನ್ನೊಂದು ಎಂಜಿನ್ ಬೆಂಗಳೂರಿನಲ್ಲಿ ದೊರೆಯಲಿಲ್ಲ.

ಅತ್ತ 1962ರಲ್ಲಿ ಮಿಗ್-21 ಒಪ್ಪಂದವಾಯಿತು. ಮರುವರ್ಷವೇ ವಿಮಾನಗಳು ಬಂದಿಳಿದವು. ಅದರ ವಿನ್ಯಾಸಕ್ಕೆ, ಎಂಜಿನ್ನಿಗೆ, ವಿಫಲ ಪ್ರಯೋಗಗಳಿಗೆ ಸೋವಿಯತ್ ಒಕ್ಕೂಟ ಕಳೆದ ವರ್ಷಗಳು ನಮ್ಮ ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ. ಮರುತದ ಒಂದೊಂದು ವರ್ಷವೂ ನಮ್ಮ ಖಾತೆಗೇ ಬಿತ್ತು.

1967ರಲ್ಲಿ ಟ್ಯಾಂಕ್ ಎಚ್‌ಎಎಲ್ ತೊರೆದು ಸ್ವದೇಶಕ್ಕೆ ಮರಳಿದರು. ಅದೇ ವರ್ಷ ಮರುತ ವಾಯುಪಡೆಯ 10ನೇ ಸ್ಕ್ವಾಡ್ರನ್ ಸೇರಿತು. ಎಂಜಿನ್ನಿಗೆ ಆಫ್ಟರ್‌ಬರ್ನರ್ ಅಳವಡಿಸುವ ದೇಶೀ ಪ್ರಯತ್ನ ಮುಂದುವರಿಯಿತು. ಅಂಥ ಮರುತವೊಂದರಲ್ಲಿ 1970ರ ಜನವರಿ 10ರಂದು ಮೇಲೇರುವಾಗಲೇ ಅಪಘಾತಕ್ಕೀಡಾಗಿ ಸುರಂಜನ್ ದಾಸ್ ಅಸುನೀಗಿದರು.

ಒಟ್ಟು 147 ಮರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಎರಗಿದವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ಮರಳಿದ್ದುಂಟು. ಶಕ್ತ ಎಂಜಿನ್ ಮಾತ್ರ ಸಿಗಲೇ ಇಲ್ಲ. 1990ರ ವೇಳೆಗೆ ಮರುತಗಳು ಸೇವೆಯಿಂದ ನಿರ್ಗಮಿಸಿದವು.

ಟ್ಯಾಂಕ್ ಮ್ಯೂನಿಕ್‌ನಲ್ಲಿ ನಿಧನರಾದದ್ದು 1983ರಲ್ಲಿ. ಭಾರತ ಲಘು ಯುದ್ಧವಿಮಾನ ಯೋಜನೆಗೆ ಮಂಜೂರಾತಿ ನೀಡಿದ್ದೂ ಅದೇ ವರ್ಷ. ಮುಂದೆ ತೇಜಸ್ ಎನಿಸಿಕೊಂಡ ಆ ವಿಮಾನ 2001ರ ಜನವರಿ 4ರಂದು ಬೆಂಗಳೂರಿನ ಆಗಸಕ್ಕೇರಿತು, ಅಮೆರಿಕದ ಎಂಜಿನ್ ಹೊತ್ತು.