ಕಡಲಾಚೆಯ ವಿದ್ಯೆ, ತಾಯ್ನುಡಿಯ ಸೇವೆ: ಶ್ರೀ ವಿನಾಯಕ ಕೃಷ್ಣ ಗೋಕಾಕರು

ವಿದ್ಯಾರ್ಜನೆಗಾಗಿ ದೇಶಾಂತರವನ್ನು ಸೇರುವುದು ನಮ್ಮ ನಾಡಿಗೆ ಹೊಸತಾದ ಪದ್ಧತಿಯಲ್ಲ. ಕಾಶಿಗೆ ಹೋಗಿ ಶಾಸ್ತ್ರಾಭ್ಯಾಸವನ್ನು ಮುಗಿಸಿ ಬಂದವರನ್ನು ಊರವರು ಇದಿರ್ಗೊಂಡು ಕರೆತರುತ್ತಿದ್ದರು. ಆದರೆ ಕಡಲನ್ನು ದಾಟಿದವನು ನಮ್ಮವನಾಗಿಯೇ ಮರಳುವನೋ ಇಲ್ಲವೋ ಎಂಬ ಶಂಕೆಯು ಹಿರಿಯರ ಮನಸ್ಸಿನಲ್ಲಿ ಬಹುಕಾಲ ನೆಲೆಸಿದ್ದಿತು. ಮಕ್ಕಳನ್ನು ಪರದೇಶದ ವಿಶ್ವವಿದ್ಯಾಲಯಗಳಿಗೆ ಕಳುಹುವ ತಾಯಿತಂದೆಗಳನ್ನು ಆ ಶಂಕೆಯು ಇಂದಿಗೂ ಬಿಟ್ಟಿಲ್ಲ. ಅದಕ್ಕೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರೊಬ್ಬರು, ಸರ್ವಜ್ಞಕವಿಯ ಹೆಸರಿನೊಡನೆ ಬೆಸೆದುಕೊಂಡಿರುವ ಮಾಸೂರಿಗೆ ನೆರೆಯ ಸೀಮೆಯಾದ ಸವಣೂರಿನಲ್ಲಿ ಜನಿಸಿದರು.

ಗೋಕಾಕರು ಹುಟ್ಟಿದುದು 1909ನೆಯ ಇಸವಿ ಆಗಸ್ಟ್ 9ರಂದು. ಆಗ ಸವಣೂರು ನವಾಬರ ಆಳಿಕೆಗೆ ಒಳಪಟ್ಟ ಚಿಕ್ಕ ಸಂಸ್ಥಾನವಾಗಿದ್ದಿತು. ಮೊದಲ ವಿದ್ಯಾಭ್ಯಾಸವು ಹುಟ್ಟೂರಿನಲ್ಲಿ ನಡೆದು, ಮೇಲಿನ ವ್ಯಾಸಂಗವು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಾಗಿತು. ಎಳೆಯ ವಯಸ್ಸಿನಲ್ಲಿ ಅವರು ಕವಿತೆಗಳನ್ನು ಆಂಗ್ಲಭಾಷೆಯಲ್ಲಿಯೇ ರಚಿಸುತ್ತಿದ್ದರು. ಧಾರವಾಡದಲ್ಲಿ ದ. ರಾ. ಬೇಂದ್ರೆಯವರ ಸಹವಾಸವು ದೊರೆತುದೇ ಅವರ ಜೀವನದ ದಿಕ್ಕನ್ನು ತಿರುಗಿಸಿತು. ಬೇಂದ್ರೆಯವರ ಪ್ರೇರಣೆಯಿಂದ ತಾಯ್ನುಡಿಯ ಕಡೆಗೆ ಹೊರಳಿ, ಗೆಳೆಯರ ಗುಂಪನ್ನು ಸೇರಿ, ವಿನಾಯಕ ಎಂಬ ಕಾವ್ಯನಾಮದಿಂದ ಕನ್ನಡದಲ್ಲಿ ಬರೆಯತೊಡಗಿದರು. 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಆಂಗ್ಲಭಾಷೆಯ ಅಧ್ಯಾಪಕರಾದರು.

ಎಂ. ಎ. ಪದವಿಯೂ ಗೌರವದ ವೃತ್ತಿಯೂ ಕೈಗೂಡಿದ್ದರೂ ಅವರ ಜ್ಞಾನತೃಷ್ಣೆಯು ತಣಿಯಲಿಲ್ಲ. 1936ರಲ್ಲಿ, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿ ಮತ್ತೆ ವಿದ್ಯಾರ್ಥಿಯ ಆಸನದಲ್ಲಿ ಕುಳಿತರು. ಹಲವರಿಗೆ ಪಾಠ ಹೇಳಿದವನು ತಾನೇ ಪಾಠ ಒಪ್ಪಿಸಲು ನಿಲ್ಲುವುದಕ್ಕೆ ವಿನಯವು ಬೇಕು. ಆಕ್ಸ್‌ಫರ್ಡಿನ ಕ್ರಮದಲ್ಲಿ ವಿದ್ಯಾರ್ಥಿಯು ಪ್ರಬಂಧವನ್ನು ಬರೆದು, ಗುರುವಿನೆದುರು ಓದಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಗುರುಮುಖದಿಂದ ಕಲಿಯುವ ನಮ್ಮ ಪಾಠಶಾಲೆಗಳ ಪದ್ಧತಿಗೆ ಇದು ದೂರವಾದುದಲ್ಲ. ಆಂಗ್ಲಭಾಷೆಯನ್ನೇ ಮನೆಮಾತಾಗಿ ಉಳ್ಳವರ ನಡುವೆ ಆ ಭಾಷೆಯ ಸಾಹಿತ್ಯವನ್ನು ಅಭ್ಯಸಿಸಿ, 1938ರಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು.

ಆ ಪಯಣದಿಂದ ಅವರು ತಂದುದು ಪದವಿಯೊಂದನ್ನೇ ಅಲ್ಲ. ಹಿರಿಯರು ಅಂಜುತ್ತಿದ್ದ ಕಡಲೇ ಅವರಿಗೆ ಕಾವ್ಯವಸ್ತುವಾಯಿತು. ಸಮುದ್ರ ಗೀತೆಗಳು ಎಂಬ ಕವನಸಂಗ್ರಹವೂ, ಸಮುದ್ರದಾಚೆಯಿಂದ ಎಂಬ ಪ್ರವಾಸಗ್ರಂಥವೂ ಕನ್ನಡಿಗರ ಕೈಸೇರಿದವು. ಒಳನಾಡಿನಲ್ಲಿ ಹುಟ್ಟಿ ತೆರೆಗಳನ್ನೇ ಕಾಣದ ಓದುಗರಿಗೆ ಇವು ಸಾಗರದರ್ಶನವನ್ನು ಮಾಡಿಸಿದವು.

ಸ್ವದೇಶಕ್ಕೆ ಮರಳಿದ ಬಳಿಕ ಅವರ ಆಯುಷ್ಯವೆಲ್ಲ ವಿದ್ಯಾದಾನದಲ್ಲಿ ಸವೆಯಿತು. ಸಾಂಗ್ಲಿಯ ವಿಲ್ಲಿಂಗ್ಡನ್, ಕೊಲ್ಹಾಪುರದ ರಾಜಾರಾಮ್ ಮತ್ತು ತಾವು ಓದಿದ ಧಾರವಾಡದ ಕರ್ನಾಟಕ ಕಾಲೇಜುಗಳಲ್ಲಿ ಪ್ರಾಚಾರ್ಯರಾಗಿದ್ದರು. 1958ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಮುಂದೆ ಹೈದರಾಬಾದಿನ ಕೇಂದ್ರೀಯ ಆಂಗ್ಲಭಾಷಾ ಸಂಸ್ಥೆಯ ನಿರ್ದೇಶಕರಾಗಿ, ಅನಂತರ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಸೇವೆ ಸಲ್ಲಿಸಿದರು.

ಅವರ ವಿದ್ಯೆಗೆ ನಿಜವಾದ ಪರೀಕ್ಷೆಯು ಇಳಿವಯಸ್ಸಿನಲ್ಲಿ ಬಂದೊದಗಿತು. ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದುಕೊಂಡು ಕನ್ನಡವನ್ನು ಕಲಿಯದೆಯೇ ಮುಂದುವರಿಯಲು ಅವಕಾಶವಿದ್ದಿತು. ಈ ಪ್ರಶ್ನೆಯ ವಿಚಾರಣೆಗಾಗಿ ಸರಕಾರವು 1980ರಲ್ಲಿ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ 150 ಅಂಕಗಳ ಪ್ರಥಮ ಭಾಷೆಯಾಗಿರಬೇಕೆಂದು 1981ರಲ್ಲಿ ಸಮಿತಿಯು ಶಿಫಾರಸು ಮಾಡಿತು. ಸಂಸ್ಕೃತಾಭಿಮಾನಿಗಳಲ್ಲಿ ಅನೇಕರಿಗೆ ಇದು ನೋವನ್ನುಂಟುಮಾಡಿತು. ಅನ್ಯಭಾಷಿಕರಿಂದಲೂ ವಿರೋಧ ಬಂದಿತು. ಆದರೆ ಗೋಕಾಕರಿಗೆ ಸಂಸ್ಕೃತದ ಮೇಲಾಗಲಿ ಆಂಗ್ಲದ ಮೇಲಾಗಲಿ ದ್ವೇಷವಿರಲಿಲ್ಲ. ಆಂಗ್ಲವಿದ್ಯೆಯ ತುತ್ತತುದಿಯನ್ನು ಮುಟ್ಟಿಬಂದವರು, ನಾಡಿನ ಮಗುವಿಗೆ ನಾಡಿನ ನುಡಿಯೇ ಮೊದಲಾಗಲೆಂದು ಹೇಳಿದುದರಿಂದ ಆ ಮಾತಿಗೆ ವಿಶೇಷ ತೂಕ ಬಂದಿತು. ವರದಿಯ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಯಲ್ಲಿ ನಟಶ್ರೇಷ್ಠ ರಾಜಕುಮಾರರೂ ಮುಂದೆ ನಿಂತರು. ನಾಡಿಗೆ ನಾಡೇ ಎಚ್ಚತ್ತಿತು.

ವಿಶ್ವಾಮಿತ್ರನ ಚರಿತೆಯನ್ನೊಳಗೊಂಡ ಭಾರತ ಸಿಂಧು ರಶ್ಮಿ ಮಹಾಕಾವ್ಯವನ್ನು ಅವರು ರಚಿಸಿದರು. 1990ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಿತು. ಕನ್ನಡಕ್ಕೆ ಅದು ಐದನೆಯದು. 1992ರ ಏಪ್ರಿಲ್ 28ರಂದು ಅವರು ದೇಹವನ್ನು ಬಿಟ್ಟರು.

ಬೇರು ನೆಲದಲ್ಲಿ ಆಳವಾಗಿದ್ದರೆ ಕೊಂಬೆಯು ಎಷ್ಟು ದೂರ ಚಾಚಿದರೂ ಮರಕ್ಕೆ ಕೇಡಿಲ್ಲ. ಮಗನನ್ನಾಗಲಿ ಮಗಳನ್ನಾಗಲಿ ಕಡಲಾಚೆಗೆ ಕಳುಹುವವರು ಹಣವನ್ನು ಹೊಂದಿಸುವುದಕ್ಕೆ ಮುನ್ನ ಮನೆಯ ನುಡಿಯನ್ನೂ ನಡೆಯನ್ನೂ ಕೊಟ್ಟು ಕಳುಹಲಿ. ಹೋದವರು ಪಡೆದ ವಿದ್ಯೆಯನ್ನು ಯಾವ ರೂಪದಿಂದಾದರೂ ಹೆತ್ತ ನಾಡಿಗೆ ಸಲ್ಲಿಸಲಿ. ಗೋಕಾಕರ ಚರಿತೆಯಿಂದ ಭಕ್ತಜನರು ಗ್ರಹಿಸಬೇಕಾದ ಸಾರವಿದು.