ಪೆನಿಸಿಲಿನ್‌ಗೆ ಮುಂಚಿನ ಫ್ಲೆಮಿಂಗ್

ಅಲೆಕ್ಸಾಂಡರ್ ಫ್ಲೆಮಿಂಗ್ ಎಂದರೆ ಪೆನಿಸಿಲಿನ್ ಎಂದು ಹೈಸ್ಕೂಲಿನಲ್ಲೇ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನನಗೆ ಹೆಚ್ಚು ಇಷ್ಟವಾದದ್ದು ಅದಕ್ಕಿಂತ ಹಿಂದೆ ಅವರು ಮಾಡಿದ ಕೆಲಸ.

1881ರಲ್ಲಿ ಸ್ಕಾಟ್ಲೆಂಡಿನ ರೈತರ ಮನೆಯಲ್ಲಿ ಹುಟ್ಟಿದ ಅವರು ಏಳನೇ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಲಂಡನ್ನಿಗೆ ಬಂದು ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿದ್ದರು. ಕಾಮರ್ಸ್ ಓದುವ ನಮಗೆ ಇದು ಖುಷಿಯ ವಿಷಯವೇ! ಆಮೇಲೆ ಸಂಬಂಧಿಕರೊಬ್ಬರ ಆಸ್ತಿಯಲ್ಲಿ ಸ್ವಲ್ಪ ಪಾಲು ಬಂದದ್ದರಿಂದ 1901ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಲು ಸೇರಿದರು.

ಮೊದಲ ಮಹಾಯುದ್ಧದಲ್ಲಿ ಅವರನ್ನು ಫ್ರಾನ್ಸಿನ ಬೊಲೋನ್‌ಗೆ ಕಳಿಸಿದರು. ಅಲ್ಲಿ ಸೈನಿಕರ ಗಾಯಗಳಿಗೆ ಕಾರ್ಬಾಲಿಕ್ ಆಮ್ಲದಂಥ ಕ್ರಿಮಿನಾಶಕ ಹಾಕುತ್ತಿದ್ದರು. ಆದರೂ ಆಳವಾದ ಗಾಯಗಳು ಕೀವಾಗಿ ಎಷ್ಟೋ ಜನ ಸಾಯುತ್ತಿದ್ದರು. ಫ್ಲೆಮಿಂಗ್ ಗಾಜಿನ ನಳಿಕೆಯನ್ನು ಕಾಯಿಸಿ, ಒಳಗೆಲ್ಲ ಮುಳ್ಳಿನಂಥ ಸಂದುಗಳಿರುವಂತೆ ಎಳೆದು, ಹರಿದ ಗಾಯದ ಮಾದರಿ ಮಾಡಿದರು. ಅದರಲ್ಲಿ ರೋಗಾಣು ಬೆಳೆಸಿ, ಕ್ರಿಮಿನಾಶಕದಿಂದ ತೊಳೆದು ನೋಡಿದರೆ ಸಂದಿಯೊಳಗಿನ ರೋಗಾಣು ಬದುಕಿಯೇ ಇತ್ತು. ರಕ್ತದ ಜೊತೆ ಬೆರೆಸಿದಾಗ ಇನ್ನೂ ಕೆಟ್ಟ ಸಂಗತಿ ಕಂಡಿತು: ರೋಗಾಣುವನ್ನು ತಿನ್ನಬೇಕಾದ ಬಿಳಿ ರಕ್ತಕಣಗಳೇ ಮೊದಲು ಸಾಯುತ್ತಿದ್ದವು. ಅಂದರೆ ಔಷಧಿ ಶತ್ರುವನ್ನು ಬಿಟ್ಟು ನಮ್ಮ ಕಾವಲುಗಾರರನ್ನೇ ಹೊಡೆಯುತ್ತಿತ್ತು. ಅವರೂ ಅವರ ಗುರು ಆಲ್‌ಮ್ರೋತ್ ರೈಟ್ ಅವರೂ ಗಾಯವನ್ನು ಉಪ್ಪು ನೀರಿನಿಂದ ತೊಳೆದರೆ ಒಳ್ಳೆಯದು ಎಂದರು. ಸೈನ್ಯದ ಎಷ್ಟೋ ವೈದ್ಯರು ಕೇಳಲೇ ಇಲ್ಲ. ಓದುವಾಗ ನನಗೆ ಸಿಟ್ಟೇ ಬಂತು.

ಆ ಯುದ್ಧದಲ್ಲೇ ಬಳಕೆಗೆ ಬಂದ ಇನ್ನೊಂದು ಕ್ರಿಮಿನಾಶಕ ಸೋಡಿಯಂ ಹೈಪೋಕ್ಲೋರೈಟ್. ನಮ್ಮ ಅಮ್ಮಿಗೆ ರೂಟ್ ಕೆನಾಲ್ ಮಾಡಿದಾಗ ಹಲ್ಲಿನ ಒಳಗೆ ತೊಳೆದದ್ದು ಇದರಿಂದಲೇ. ಇದೂ ರಕ್ತಕಣಗಳನ್ನು ಒಡೆಯುತ್ತದೆ. ಬೇರಿನ ತುದಿ ದಾಟಿ ಹೋದರೆ ಮುಖ ಊದಿ ತುಂಬಾ ನೋವಾಗುತ್ತದೆ. ಅದಕ್ಕೇ ದಂತವೈದ್ಯರು ಸೂಜಿಯಿಂದ ನಿಧಾನವಾಗಿ ಹಾಕುತ್ತಾರೆ.

1928ರಲ್ಲಿ ಬೂಷ್ಟಿನಿಂದ ಪೆನಿಸಿಲಿನ್ ಸಿಕ್ಕಾಗಲೂ ಫ್ಲೆಮಿಂಗ್ ಅದನ್ನು ಬಿಳಿ ರಕ್ತಕಣಗಳ ಮೇಲೆ ಪರೀಕ್ಷಿಸಿದರು. ಅವುಗಳಿಗೆ ಏನೂ ಆಗಲಿಲ್ಲ. 1929ರ ಲೇಖನದಲ್ಲಿ ಇದನ್ನೂ ಬರೆದರು. ಆದರೆ ಅದನ್ನು ಶುದ್ಧ ಮಾಡಲು ಅವರಿಗೆ ಆಗಲಿಲ್ಲ. ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ತಂಡ ಅದನ್ನು ಮಾಡಿತು. 1945ರ ನೊಬೆಲ್ ಮೂವರಿಗೂ ಸೇರಿ ಬಂತು. ಫ್ಲೆಮಿಂಗ್ 1955ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.