ಜೇಮ್ಸ್ ನೈಸ್ಮಿತ್: ಆಟ ಮತ್ತು ಸಂಯಮ

ಬಾಸ್ಕೆಟ್‌ಬಾಲ್ ಆಟದ ಜನಕ ಜೇಮ್ಸ್ ನೈಸ್ಮಿತ್ 1861ರಲ್ಲಿ ಕೆನಡಾದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ದೇವಶಾಸ್ತ್ರವನ್ನು ಅಭ್ಯಸಿಸಿ, ಬಳಿಕ ವ್ಯಾಯಾಮ ಶಿಕ್ಷಣದ ಕ್ಷೇತ್ರವನ್ನು ಆರಿಸಿಕೊಂಡರು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿ, 13 ನಿಯಮಗಳ ಹೊಸ ಆಟವನ್ನು ರೂಪಿಸಿದರು. ಒರಟುತನವನ್ನು ತಡೆಯುವುದು ಆ ನಿಯಮಗಳ ಮುಖ್ಯ ಆಶಯವಾಗಿತ್ತು. ಎರಡನೆಯ ಫೌಲ್ ಮಾಡಿದವನು ಮುಂದಿನ ಗೋಲಿನವರೆಗೆ ಹೊರಗಿರಬೇಕಿತ್ತು. ತಂಡವೊಂದು ಸತತ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲು ಸಲ್ಲುತ್ತಿತ್ತು.

ಇಂದು ನಾಚಿಮುತ್ತು ಗೌಂಡರ್ ಟ್ರೋಫಿಯ ಕೊಯಮತ್ತೂರಿನಲ್ಲಾಗಲಿ, ನೆರೆಯ ತಿರುಪ್ಪೂರಿನಲ್ಲಾಗಲಿ, ಕೊನೆಯ ನಿಮಿಷಗಳಲ್ಲಿ ಹಿಂದೆ ಬಿದ್ದ ತಂಡ ಅಂಕಣದುದ್ದಕ್ಕೂ ಎದುರಾಳಿಯನ್ನು ಅಡ್ಡಗಟ್ಟಿ ಚೆಂಡು ಕಸಿಯಲು ಯತ್ನಿಸುತ್ತದೆ. ಅದು ಫಲಿಸದಿದ್ದರೆ ಬೇಕೆಂದೇ ಫೌಲ್ ಮಾಡಿ ಗಡಿಯಾರವನ್ನು ನಿಲ್ಲಿಸುತ್ತದೆ. ಎದುರಾಳಿಯ ಫ್ರೀ ಥ್ರೋ ತಪ್ಪಿದರೆ ಚೆಂಡು ತನಗೆ ದಕ್ಕೀತೆಂಬುದು ಅದರ ಲೆಕ್ಕ. ನೈಸ್ಮಿತ್ ದಂಡನೆಗೆ ಗುರಿಪಡಿಸಿದ್ದ ತಪ್ಪು ಹೀಗೆ ತಂತ್ರವಾಯಿತು. ಅವರ ಮೂಲ ನಿಯಮಗಳಲ್ಲಿ ಇದೇ ತಂತ್ರ ಸೋಲನ್ನು ಇನ್ನಷ್ಟು ಹತ್ತಿರ ತರುತ್ತಿತ್ತು.

ಕಾನ್ಸಾಸ್ ವಿಶ್ವವಿದ್ಯಾಲಯ ತಂಡದ ಮೊದಲ ತರಬೇತುದಾರರಾಗಿ ಅವರು 55 ಪಂದ್ಯಗಳನ್ನು ಗೆದ್ದು 60ನ್ನು ಸೋತರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ತಮ್ಮ ಆಟವನ್ನು ಕಣ್ಣಾರೆ ಕಂಡು, 1939ರಲ್ಲಿ ನಿಧನರಾದರು. ಗೆಲುವಿಗಿಂತ ನಡತೆಯನ್ನು ಹಿರಿದೆಂದು ಬಗೆದವರಿಗೆ ಆ ಐದು ಪಂದ್ಯಗಳ ಕೊರತೆ ದೊಡ್ಡದಾಗಿ ಕಂಡಿರಲಾರದು.